ಕೈಗೆಟುಕದ ಗುಡ್ಡ

ಗಿಡ್ಡಜ್ಜಿ ತುದಿಗಾಲಲ್ಲಿ ನಿಂತು ಕೈ ಚಾಚಿದಳು. ಬೆರಳ ತುದಿಯಲ್ಲಿದ್ದ ಕೆಂಪು ಚುಕ್ಕಿ ನಕ್ಷೆಯ ನಡುವಿನ ಪಾರ್ಕಿನವರೆಗೆ ಹೋಯಿತು. ಅಲ್ಲಿಂದ ಆಚೆಗೆ ಒಂದು ಗೇಣೂ ಏರಲೊಲ್ಲದು. ಅವಳ ಕೇರಿ ಇದ್ದದ್ದು ನಕ್ಷೆಯ ನೆತ್ತಿಯಲ್ಲಿ, ಫ್ಯಾನಿನ ಗಾಳಿ ಬಡಿಯುವಷ್ಟು ಮೇಲೆ.

ನಕ್ಷೆ ನಗರಸಭೆಯ ಸಭಾಂಗಣದ ಒಂದು ಗೋಡೆಯನ್ನೇ ನುಂಗಿತ್ತು. ಮುಂದಿನ ಇಪ್ಪತ್ತು ವರ್ಷ ಊರಿನ ಹಣ ಎಲ್ಲಿ ರಸ್ತೆಯಾಗಬೇಕು, ಎಲ್ಲಿ ಚರಂಡಿ, ಎಲ್ಲಿ ನೀರಿನ ಪೈಪು ಎಂಬುದನ್ನು ಜನರೇ ಹೇಳಲಿ ಎಂದು ಕರೆದಿದ್ದರು. ಬಂದವರಿಗೆ ತಲೆಗೊಂದು ಕೆಂಪು ಚುಕ್ಕಿಯ ಸ್ಟಿಕ್ಕರ್. ಕೆಲಸ ಎಲ್ಲಿ ಆಗಬೇಕೋ ಅಲ್ಲಿ ಅಂಟಿಸುವುದು. ಹೆಚ್ಚು ಚುಕ್ಕಿ ಬಿದ್ದ ಕಡೆಗೆ ಮೊದಲು ಹಣ. ನಕ್ಷೆ ಬಿಡಿಸಿದವಳು, ಮೊಳೆ ಹೊಡೆದು ತೂಗುಹಾಕಿದವಳು ಅಜ್ಜಿಯ ಸೊಸೆಯೇ. ನಗರಸಭೆಯಲ್ಲಿ ಅವಳಿಗೆ ಅದೇ ಕೆಲಸ. ಸಿಬ್ಬಂದಿಯಾದ್ದರಿಂದ ಅವಳಿಗೆ ಚುಕ್ಕಿ ಇಲ್ಲ. "ಅತ್ತೆ, ನೀವು ಬರ್ಲೇಬೇಕು. ಆದ್ರೆ ಅಲ್ಲಿ ಜೋರು ಮಾಡ್ಬೇಡಿ, ನಮ್ಮ ಮೇಲಿನವರು ಇರ್ತಾರೆ" ಎಂದು ಬೆಳಿಗ್ಗೆ ಹೇಳಿದ್ದಳು. "ಬಾಯಿಗೆ ಬೀಗ ಹಾಕ್ಕೊಂಡೇ ಬರ್ತೀನಿ ಕಣೇ" ಎಂದು ಅಜ್ಜಿ ಮಾತು ಕೊಟ್ಟಿದ್ದಳು.

ಗುಡ್ಡದ ಕೇರಿಯಲ್ಲಿ ನಲ್ಲಿ ಇತ್ತು, ನೀರು ಇರಲಿಲ್ಲ. ಹಳೆಯ ಪೈಪಿನಲ್ಲಿ ನೀರು ಅರ್ಧ ಗುಡ್ಡ ಹತ್ತುವಷ್ಟರಲ್ಲಿ ದಣಿದು ನಿಂತುಬಿಡುತ್ತಿತ್ತು. ಅಲ್ಲಿಂದ ಮುಂದಕ್ಕೆ ಹೊತ್ತವರು ಹೆಂಗಸರು. ಅತ್ತೆ ಹೊತ್ತಳು, ಸೊಸೆ ಹೊತ್ತಳು. ಮೊನ್ನೆ ಮೊಮ್ಮಗಳು ಪುಟ್ಟ ಬಿಂದಿಗೆಯೊಂದನ್ನು ಸೊಂಟಕ್ಕೇರಿಸಿ, ಬೆನ್ನು ಓರೆ ಮಾಡಿ ಮೆಟ್ಟಿಲು ಹತ್ತಿ ಬಂದಾಗ ಅಜ್ಜಿ ಒಳಗೆ ಹೋಗಿ ದೇವರ ಮುಂದೆ ಕೂತು ಎದ್ದಳು, ಅಷ್ಟೆ. ಈ ಸಲದ ಯೋಜನೆಯಲ್ಲಿ ಕೇರಿ ಸೇರದಿದ್ದರೆ ಆ ಬಿಂದಿಗೆ ಇನ್ನು ಇಪ್ಪತ್ತು ವರ್ಷ ಆ ಸೊಂಟದಿಂದ ಇಳಿಯುವುದಿಲ್ಲ.

"ಕೊಡಜ್ಜಿ, ನಾನು ಅಂಟಿಸ್ತೀನಿ," ಹಿಂದೆ ನಿಂತಿದ್ದ ಉದ್ದನೆಯ ಬಡಗಿ ಚುಕ್ಕಿಯನ್ನು ಇಸಿದುಕೊಂಡ. "ಎಲ್ಲಿಗೆ?"

"ನಮ್ಮ ಕೇರಿಗಪ್ಪ. ದೊಡ್ಡ ಬಂಡೆ ದಾಟಿ ಎಡಕ್ಕೆ."

"ಬಂಡೆ ಗಿಂಡೆ ಏನೂ ಕಾಣಲ್ವಲ್ಲ ಇಲ್ಲಿ, ಬರೀ ಗೆರೆ." ಅವನು ಎಲ್ಲೋ ಒಂದು ಕಡೆ ಒತ್ತಿಬಿಟ್ಟ.

ಅಜ್ಜಿ ಹಿಂದೆ ಸರಿದು ಕತ್ತೆತ್ತಿದಳು. ಸೊಸೆ ಮನೆಯ ನೆಲದ ಮೇಲೆ ಈ ನಕ್ಷೆ ಹಾಸಿಕೊಂಡು ಬಣ್ಣ ತುಂಬುವಾಗ ಪಕ್ಕದಲ್ಲೇ ಕೂತು ನೋಡಿದವಳು. ಯಾವ ಬಣ್ಣ ಯಾವುದಕ್ಕೆ ಎಂದು ಗೊತ್ತಿತ್ತು. ಚುಕ್ಕಿ ಬೂದು ಬಣ್ಣದಲ್ಲಿ, ಸ್ಮಶಾನದ ನಟ್ಟನಡುವೆ ಕೂತಿತ್ತು.

"ಇಷ್ಟು ಬೇಗ ನನ್ನ ಅಲ್ಲಿಗೆ ಕಳಿಸ್ಬೇಡ ಮಾರಾಯ. ಕಿತ್ತು ಕೊಡು."

ಬಡಗಿ ನಾಲಗೆ ಕಚ್ಚಿಕೊಂಡು ಕಿತ್ತುಕೊಟ್ಟ. ಅಜ್ಜಿ ಪಕ್ಕದ ಮನೆಯ ಹಾಲಿನವಳನ್ನು ಹಿಡಿದು ನಿಲ್ಲಿಸಿದಳು. "ನೀನೆಲ್ಲಿ ಅಂಟಿಸ್ದೆ?"

"ಪಾರ್ಕಿಗೆ. ಮೇಲಕ್ಕೆ ಕೈ ಹೋಗ್ಲಿಲ್ಲ, ಹಿಂದಿನವರು ಬೇರೆ ತಳ್ತಿದ್ರು. ಚೆನ್ನಾಗಿದೆ ಬಿಡಜ್ಜಿ ಪಾರ್ಕು."

"ಚೆನ್ನಾಗೇ ಇದೆ. ಸಂಜೆ ಬಿಂದಿಗೆ ತಗೊಂಡು ಹೋಗಿ ಅಲ್ಲೇ ಕೂತ್ಕೋ."

ಆಗ ಅಜ್ಜಿಗೆ ಇಡೀ ಗೋಡೆ ಕಂಡಿತು. ಎದೆಮಟ್ಟದಿಂದ ತಲೆಮಟ್ಟದವರೆಗೆ ಚುಕ್ಕಿಗಳು ಬೆಲ್ಲಕ್ಕೆ ಇರುವೆ ಮುತ್ತಿದಂತೆ ಮುತ್ತಿದ್ದವು. ಮೇಲೆ ಗುಡ್ಡ ಬೋಳು. ಕೆಳಗೆ, ಬಗ್ಗಬೇಕಾದ ಕಡೆ, ಹೊಳೆದಂಡೆಯೂ ಬೋಳು.

"ಜನರ ಮನಸ್ಸು ಸ್ಪಷ್ಟವಾಗಿದೆ," ಎಂದರು ಮುಂದೆ ನಿಂತಿದ್ದ ಎಂಜಿನಿಯರ್ ಸಾಹೇಬರು. "ಗುಡ್ಡದವರಿಗೆ ಬೇಡಿಕೆ ಏನೂ ಇಲ್ಲ. ಮೊದಲು ಪಾರ್ಕು. ಬರ್ಕೊಳ್ಳಮ್ಮ."

ಸೊಸೆ ಪೆನ್ನು ಹಿಡಿದು ಅತ್ತೆಯ ಕಡೆ ನೋಡಿದಳು. ಅಜ್ಜಿಯ ಬಾಯಿಯ ಬೀಗ ತೆರೆಯಿತು.

"ಬರೀಬೇಡ್ವೇ! ಮನೇಲಿ ಡಬ್ಬಿಗಳನ್ನೆಲ್ಲ ಮೇಲಿನ ಹಲಗೆ ಮೇಲಿಡ್ತೀಯ. ಚಿಟಿಕೆ ಉಪ್ಪು ಬೇಕಂದ್ರೂ ನಿನ್ನ ಕೂಗ್ಬೇಕು. ಉದ್ದ ಇದ್ದೀಯ, ಗೊತ್ತಾಗಲ್ಲ ಪಾಪ ಅಂತ ಸುಮ್ನಿದ್ದೆ. ಈಗ ನಮ್ಮ ಗುಡ್ಡಾನೂ ಒಯ್ದು ಅದೇ ಹಲಗೆ ಮೇಲೆ ಇಟ್ಯಲ್ಲೇ!"

ಸಭೆ ಗೊಳ್ಳೆಂದು ನಕ್ಕಿತು. ಸೊಸೆಯ ಕಿವಿ ಕೆಂಪಾಯಿತು.

"ಒಂದು ಚುಕ್ಕಿ ತಾನೆ ಅಜ್ಜಿ, ಕೊಡಿ, ನಾನೇ ಅಂಟಿಸ್ತೀನಿ," ಸಾಹೇಬರು ಕೈ ನೀಡಿದರು.

"ಒಂದಲ್ಲ ಸಾಹೇಬ್ರೆ. ಎಷ್ಟು ಅಂತ ಇದನ್ನ ಕೆಳಗಿಳಿಸಿ ನೋಡಿ. ನಮ್ಮನೇಲಿ ನೆಲಕ್ಕೆ ಹಾಸಿದಾಗ ಎಲ್ಲ ಬೀದೀನೂ ಕೈಗೆ ಸಿಕ್ತಿತ್ತು."

"ಅದಕ್ಕೆಲ್ಲ ಟೈಮಿಲ್ಲ ಅಜ್ಜಿ."

"ಇಪ್ಪತ್ತು ವರ್ಷದ ಮಾತಾಡೋಕೆ ಕರೆದು ಟೈಮಿಲ್ಲ ಅಂದ್ರೆ ಹೇಗಪ್ಪಾ?"

ದನಿ ಏರಿಸದೆ ಇಷ್ಟು ಹೇಳಿ, ಅಜ್ಜಿ ನಕ್ಷೆಯ ಬುಡದಲ್ಲಿ ಕಾಲು ಮಡಚಿ ಕೂತುಬಿಟ್ಟಳು. ಹಾಲಿನವಳು ಬಂದು ಪಕ್ಕದಲ್ಲಿ ಕೂತಳು. ಗುಡ್ಡದ ಹೆಂಗಸರು ಒಬ್ಬೊಬ್ಬರಾಗಿ ಬಂದು ಕೂತರು. ಕರೆಯದಿದ್ದರೂ ಹೊಳೆದಂಡೆಯವರೂ ಬಂದರು. ಇವರನ್ನು ದಾಟಿ ನಕ್ಷೆ ಮುಟ್ಟುವ ದಾರಿ ಯಾರಿಗೂ ಉಳಿಯಲಿಲ್ಲ.

ಸೊಸೆ ಪೆನ್ನು ಮುಚ್ಚಿದಳು. ಸ್ಟೂಲು ಎಳೆದು ಹತ್ತಿದಳು. "ತೂಗುಹಾಕಿದ್ದು ನಾನೇ ಸಾರ್. ಇಳಿಸೋದೂ ನಾನೇ." ಸಾಹೇಬರು ಏನೋ ಹೇಳುವಷ್ಟರಲ್ಲಿ ಮೊದಲ ಮೊಳೆ ಕಿತ್ತು ಬಂದಿತ್ತು, ಇನ್ನೊಂದು ತುದಿಗೆ ಬಡಗಿ ಕೈ ಹಾಕಿದ್ದ.

ಊರಿಗೆ ಊರೇ ಸರಸರನೆ ನೆಲಕ್ಕಿಳಿಯಿತು. ಕುರ್ಚಿಗಳು ಗೋಡೆಗೆ ಸರಿದವು. ಜನ ಸುತ್ತಲೂ ಮಂಡಿಯೂರಿ, ತಂತಮ್ಮ ಮನೆ ಹುಡುಕುತ್ತ, ಅಂಟಿಸಿದ್ದನ್ನು ಕಿತ್ತು ಬೇರೆಡೆಗೆ ಒಯ್ಯತೊಡಗಿದರು. ಹಾಲಿನವಳ ಚುಕ್ಕಿ ಪಾರ್ಕು ಬಿಟ್ಟು ಹೊರಟಿತು. ಅಜ್ಜಿ ಅಂಗೈಯೂರಿ ತೆವಳುತ್ತ ಪೇಟೆ ದಾಟಿದಳು, ಮೆಟ್ಟಿಲ ಬೀದಿ ಹತ್ತಿದಳು, ಬಂಡೆ ಇರಬೇಕಾದ ಕಡೆ ಎಡಕ್ಕೆ ತಿರುಗಿದಳು. ಅಲ್ಲಿ ಹೊಳೆಯುವ ಕರಿ ಬೂಟೊಂದು ನಿಂತಿತ್ತು.

ಅಜ್ಜಿ ಅದನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದಳು.

"ಸ್ವಲ್ಪ ಕಾಲು ತೆಗೀರಿ ಸಾಹೇಬ್ರೆ. ನಮ್ಮನೆ ಮೇಲೆ ನಿಂತಿದ್ದೀರಿ."