ಕಾಲು ತೆಗೆದಾಗ

ಇಳಿಜಾರಿನಲ್ಲಿ ಅಣ್ಣ ಆಕ್ಸಿಲರೇಟರಿನಿಂದ ಕಾಲು ತೆಗೆದನಷ್ಟೇ, ಟೈಲ್ಸ್ ತುಂಬಿದ ಪಿಕಪ್ಪು ಯಾರೋ ಹಿಂದಿನಿಂದ ಜಗ್ಗಿದಂತೆ ತಾನಾಗಿ ನಿಧಾನವಾಯಿತು. ಬ್ರೇಕನ್ನು ಅವನು ಮುಟ್ಟಿಯೇ ಇರಲಿಲ್ಲ. ಗಾಡಿಯನ್ನು ಬದಿಗೆ ಹಾಕಿ, ಬ್ರೇಕ್ ಕಚ್ಚಿಕೊಂಡಿದೆಯೇನೋ ಎಂದು ಇಳಿದು ಚಕ್ರಗಳನ್ನು ಮುಟ್ಟಿ ನೋಡಿದ. ಯಾವುದೂ ಬಿಸಿಯಾಗಿರಲಿಲ್ಲ.

ಬೆಳಗಿನ ಪಾಳಿಯಲ್ಲಿ ಅದೇ ಗಾಡಿ ಓಡಿಸುವ ತಮ್ಮ ಬೇರೆ ಮನೆ ಮಾಡಿದಂದಿನಿಂದ ಇಬ್ಬರಿಗೂ ಮಾತಿರಲಿಲ್ಲ. ಬೇರೆ ದಾರಿ ಕಾಣದೆ ಅಣ್ಣ ಫೋನ್ ಮಾಡಿದ.

"ಗಾಡಿಗೆ ಏನು ಮಾಡಿದ್ದೀಯ? ಕಾಲು ತೆಗೆದ್ರೆ ಎಳೆದು ಹಿಡಿಯುತ್ತೆ."

"ಲೋಡ್ ಮೋಡ್ ಬಟನ್ ಒತ್ತಿದ್ದೀನಿ. ಇಳಿಜಾರಲ್ಲಿ ಎಂಜಿನ್ನೇ ಗಾಡೀನ ತಡೆಯುತ್ತೆ."

"ಒಂದು ಮಾತು ಹೇಳೋದಲ್ವಾ?"

"ನೀನು ಮಾತಾಡಿಸಿದ್ರೆ ತಾನೇ? ಊಟಕ್ಕೆ ಕೂತಲ್ಲೇ ತೂಕಡಿಸ್ತೀಯಂತೆ. ಇನ್ನು ಗಾಡೀಲಿ ಏನು ಗತಿ ಅಂತ ಅತ್ತಿಗೆ ಅತ್ರು. ಅದಕ್ಕೇ ಒತ್ತಿದ್ದು."

ಅಣ್ಣ ಗಾಡಿಯ ಬಾಗಿಲು ತೆರೆದು ಸೀಟಿನ ಅಂಚಿಗೆ ಕುಸಿದು ಕೂತ. ಕಣ್ಣು ಉರಿಯುತ್ತಿದ್ದವು. ಹೆಂಡತಿಯ ಹತ್ತಿರವೂ ಆಡದ ಮಾತು ತಾನಾಗಿ ಹೊರಬಿತ್ತು.

"ನನ್ನ ಕೈಲಿ ಆಗ್ತಿಲ್ಲ ಕಣೋ. ಈ ಲೋಡು ನೀನು ತಲುಪಿಸ್ತೀಯಾ?"

ಆ ಕಡೆ ಕುರ್ಚಿ ಸರಿದ ಸದ್ದಾಯಿತು.

"ಎಲ್ಲಿ ನಿಂತಿದ್ದೀಯ ಹೇಳು, ಅಣ್ಣ."