ಅವ್ವನ ಕೈಗೆ ಬಂದ ಪಟ್ಟಿ

ಕನ್ಯೆ ನೋಡಲು ಬಂದವರ ಕಾರು ಮನೆಯ ಮುಂದೆ ನಿಂತಾಗಲೂ ವಿನುತಾಳ ಮುಂಗೈ ಪಟ್ಟಿ ಕೆಂಪಾಗಿಯೇ ಇತ್ತು. ಹರೆಯದವರಿಗೆಲ್ಲ ಸರ್ಕಾರ ಕಟ್ಟುವ ಆ ಪಟ್ಟಿ, ಮನಸ್ಸು ಸರಿಯಿದ್ದರೆ ಹಸಿರು, ಬಳಲಿದಷ್ಟೂ ಗಾಢ ಕೆಂಪು. ಬೀಗರು ಮೊದಲು ನೋಡುವುದೇ ಅದನ್ನು.

“ದವಾಖಾನಿಗೆ ಹೋಗೂಣು ಅಂತ ಎಷ್ಟ್ ಸಲ ಹೇಳೀನವ್ವಾ,” ಎಂದಳು ವಿನುತಾ.

“ಮಂದಿ ಏನಂತಾರ? ತಾ ಇಲ್ಲೆ. ನಾ ಹಾಕ್ಕೊಂಡು ಹಸಿರ ಮಾಡಿ ಕೊಡ್ತೀನಿ. ನನಗೇನಾಗೇತಿ?”

ತಾಯಿ ಗಿರಿಜವ್ವ ಮಗಳ ಪಟ್ಟಿ ಬಿಚ್ಚಿಕೊಂಡು, ಬಳೆಗಳನ್ನು ಮೇಲಕ್ಕೆ ಸರಿಸಿ ತಾನೇ ಕಟ್ಟಿಕೊಂಡಳು. ಅವಳ ಕಾಲದಲ್ಲಿ ಪಟ್ಟಿಗಳಿರಲಿಲ್ಲ.

ಅದು ಹಸಿರಾಗಲಿಲ್ಲ. ಕೆಂಪು ಇನ್ನೂ ಗಾಢವಾಗಿ ಕಪ್ಪಿಗೆ ತಿರುಗಿತು. ಗಿರಿಜವ್ವ ಸೆರಗಿನಿಂದ ಒರೆಸಿದಳು, ಮತ್ತೆ ಮತ್ತೆ ಒರೆಸಿದಳು.

ಹೊರಗೆ ಬಾಗಿಲು ಬಡಿದರು. ವಿನುತಾ ಹೋಗಿ ತೆರೆದಳು.

“ಇವತ್ತ ಬ್ಯಾಡ್ರಿ,” ಎಂದಳು. “ನಮ್ಮವ್ವಗ ಆರಾಮಿಲ್ಲ.”