ಅಂಕಪಟ್ಟಿಯ ಮೇಲಿನ ಪ್ಲಾಸ್ಟಿಕ್

ಪಕ್ಕದ ಸಲೂನಿನಿಂದ ತಂದ ಹೇರ್ ಡ್ರೈಯರ್ ಹಿಡಿದು, ಅಪ್ಪ ತನ್ನ ಲ್ಯಾಮಿನೇಷನ್ ಅಂಗಡಿಯಲ್ಲಿ ಕೂತು ಮಗಳ ಅಂಕಪಟ್ಟಿಯ ಪ್ಲಾಸ್ಟಿಕ್ ಬಿಡಿಸುತ್ತಿದ್ದ. ವಿದೇಶದ ವಿಶ್ವವಿದ್ಯಾಲಯಕ್ಕೆ ಕಳಿಸಲು ಅದರ ಹಿಂಬದಿಗೆ ಸರ್ಕಾರಿ ಮೊಹರು ಬೇಕಿತ್ತು. ಪ್ಲಾಸ್ಟಿಕ್ ಮೇಲೆ ಮೊಹರು ಹಾಕುವುದಿಲ್ಲವೆಂದು ಕಚೇರಿಯವರು ಬೆಳಿಗ್ಗೆ ವಾಪಸು ಕಳಿಸಿದ್ದರು. ನಾಳೆಯೇ ಕಡೆಯ ದಿನ.

"ಇದನ್ನ ಲ್ಯಾಮಿನೇಟ್ ಮಾಡು ಅಂತ ನಿಂಗೆ ಯಾರಪ್ಪ ಹೇಳಿದ್ದು?" ಪಕ್ಕದ ಸ್ಟೂಲಿನಲ್ಲಿ ಕೂತ ಮಗಳು ಕೇಳಿದಳು.

"ಊರವರದ್ದೆಲ್ಲ ಮಾಡ್ತೀನಿ, ಮಗಳದ್ದು ಬಿಡ್ಲಾ? ಸುಮ್ನಿರೇ, ಕಾಗದ ಹರಿಯುತ್ತೆ."

ಇಪ್ಪತ್ತು ವರ್ಷ ಅಂಟಿಸಿದ ಕೈ ಮೊದಲ ಸಲ ಬಿಡಿಸುತ್ತಿತ್ತು. ಪ್ಲಾಸ್ಟಿಕ್ ಕೂದಲೆಳೆಯಷ್ಟೇ ಸರಿಯುತ್ತ ಅವಳ ಹೆಸರು ದಾಟಿತು, ಅಂಕಗಳನ್ನು ದಾಟಿತು, ಕುಲಸಚಿವರ ಸಹಿಯನ್ನೂ ದಾಟಿ ಪೂರ್ತಿ ಕಳಚಿ ಬಂತು. ಕಾಗದ ಒಂದಿಷ್ಟೂ ಹರಿದಿರಲಿಲ್ಲ. ಮಗಳು ಸ್ಟೂಲಿನಿಂದ ಎದ್ದು ಕುಣಿದೇಬಿಟ್ಟಳು.

ಅಪ್ಪ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದ. "ಮೊಹರು ಬಿದ್ಮೇಲೆ ಇದಕ್ಕೊಂದು ತೆಳ್ಳಗಿನ ಪ್ಲಾಸ್ಟಿಕ್ ಹಾಕಿಬಿಟ್ರೆ..."

"ಅಪ್ಪಾ!"

ಅವನು ಜೋರಾಗಿ ನಕ್ಕ. ಲ್ಯಾಮಿನೇಷನ್ ಯಂತ್ರದ ವೈರು ಕಿತ್ತು, ಸುರುಳಿ ಸುತ್ತಿ ಅವಳ ಕೈಗಿಟ್ಟ. "ತಗೋ, ನನ್ನ ಕೈ ಸುಮ್ನಿರಲ್ಲ. ವಿಮಾನ ಹತ್ತೋ ದಿನ ವಾಪಸ್ ಕೊಟ್ಟು ಹೋಗು."